ರಕ್ತದ ಲೆಕ್ಕವೂ ಪಗಾರದ ಲೆಕ್ಕವೂ

ಗರ್ಭಕೋಶದ ಕೊರಳಿಗೆ ಕ್ಯಾನ್ಸರ್ ತಗುಲಿದ ಹೆಣ್ಣುಮಗಳು ಬದುಕುವಳೋ ಇಲ್ಲವೋ ಎಂಬುದನ್ನು ಆಕೆಯ ರಕ್ತದಲ್ಲಿಯ ಕಿಣ್ವಗಳನ್ನು ಅಳೆದು ಮುಂಚಿತವಾಗಿ ಹೇಳಬಹುದೇ ಎಂದು ಜಗತ್ತಿನ ಪ್ರಯೋಗಶಾಲೆಗಳು ಹಲವು ದಶಕಗಳಿಂದ ಶೋಧಿಸುತ್ತ ಬಂದಿವೆ. ಈ ಶೋಧನೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಅದರ ಫಲ ಯಾರ ಬಾಗಿಲಿಗೆ ಬಂತು, ಯಾರ ಬಾಗಿಲಿಗೆ ಬರಲಿಲ್ಲ ಎಂದು ಕೇಳುವ ಹಕ್ಕು ದುಡಿಯುವ ಜನರಿಗೆ ಇದೆ. ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ, ರಾಮದುರ್ಗದ ಮಗ್ಗದ ಮನೆಗಳಲ್ಲಿ, ಕಿತ್ತೂರು ಸವದತ್ತಿಗಳ ಅಂಗಡಿ ಸಾಲುಗಳಲ್ಲಿ ಈ ಪತ್ರಿಕೆಯನ್ನು ಓದುವ ಬಂಧುಗಳಿಗೆ ಇಂದು ನಾವು ಹೇಳಹೊರಟಿರುವುದು ಇದನ್ನೇ.

ಮೊದಲು ರೋಗದ ಪ್ರಮಾಣವನ್ನು ನೋಡೋಣ. 2022ರ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ ಸುಮಾರು 1,27,000 ಸ್ತ್ರೀಯರಿಗೆ ಈ ರೋಗ ಹೊಸದಾಗಿ ಕಂಡುಬಂತು. ಸುಮಾರು 80,000 ಮಂದಿ ಇದರಿಂದ ಸತ್ತರು. ಅಂದರೆ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಸಾವು. ಇಷ್ಟು ಜನ ರೈಲು ಅಪಘಾತದಲ್ಲಿ ದಿನಾಲು ಸತ್ತಿದ್ದರೆ ಶಾಸನಸಭೆಗಳು ನಡೆಯುತ್ತಿರಲಿಲ್ಲ. ಇವರು ಮನೆಯ ಮೂಲೆಯಲ್ಲಿ, ಒಬ್ಬೊಬ್ಬರಾಗಿ, ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಸಾಯುತ್ತಾರೆ. ಆದುದರಿಂದ ಗದ್ದಲವಿಲ್ಲ.

ಇನ್ನು ಕಿಣ್ವದ ಮಾತು. ಕಿಣ್ವವೆಂದರೆ ಜೀವಕೋಶವೆಂಬ ಗಿರಣಿಯೊಳಗಿನ ದುಡಿಮೆಗಾರ. ತಾನು ಸವೆಯದೆ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಕೆಲಸವನ್ನು ಅದು ವೇಗವಾಗಿ ಮಾಡಿಕೊಡುತ್ತದೆ. ಜರ್ಮನಿಯ ಆಟೋ ವಾರ್ಬುರ್ಗ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಒಂದು ವಿಚಿತ್ರವನ್ನು ಕಂಡ: ಕ್ಯಾನ್ಸರಿನ ಕೋಶಗಳು ಆಮ್ಲಜನಕ ದೊರೆಯುತ್ತಿರುವಾಗಲೂ ಸಕ್ಕರೆಯನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತವೆ. ಈ ಕೆಲಸದ ಕೊನೆಯ ಘಟ್ಟದಲ್ಲಿ ದುಡಿಯುವ ಕಿಣ್ವಕ್ಕೆ ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್ ಎಂದು ಹೆಸರು; ಪ್ರಯೋಗಶಾಲೆಯ ಚೀಟಿಯಲ್ಲಿ ಎಲ್.ಡಿ.ಎಚ್. ಎಂದಿರುತ್ತದೆ. ಗಡ್ಡೆ ಬೆಳೆದು, ಅದರ ಕೋಶಗಳು ಒಡೆಯತೊಡಗಿದಾಗ ಈ ಕಿಣ್ವ ರಕ್ತಕ್ಕೆ ಸೋರುತ್ತದೆ. ಚಿಕಿತ್ಸೆಗೆ ಮುಂಚೆ ಇದರ ಮಟ್ಟ ಹೆಚ್ಚಾಗಿರುವ ರೋಗಿಗಳಲ್ಲಿ ರೋಗ ಮರುಕಳಿಸುವುದೂ ಸಾವೂ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಇದು ಹತ್ತಿಯ ಜಿನ್ನಿನ ಹೊರಗೆ ಹಾರುವ ದೂಳಿನಂತೆ. ಬೀದಿಯಲ್ಲಿ ದೂಳು ಹೆಚ್ಚಾದರೆ ಒಳಗೆ ಯಂತ್ರ ಜೋರಾಗಿ ಓಡುತ್ತಿದೆ ಎಂದು ತಿಳಿಯಬಹುದು. ಆದರೆ ಆ ದೂಳು ಯಾವ ಕಾರಖಾನೆಯದು ಎಂದು ದೂಳನ್ನು ನೋಡಿ ಹೇಳಲಾಗದು. ಎಲ್.ಡಿ.ಎಚ್. ಕೂಡ ಯಕೃತ್ತು ಕೆಟ್ಟಾಗ, ಹೃದಯಕ್ಕೆ ಪೆಟ್ಟಾದಾಗ, ಸ್ನಾಯು ಹರಿದಾಗ, ಅಷ್ಟೇಕೆ, ರಕ್ತ ತೆಗೆಯುವಾಗ ಅದರ ಕಣಗಳು ಒಡೆದರೂ ಏರುತ್ತದೆ. ಆದುದರಿಂದ ಇದನ್ನು ನೋಡಿ ಕ್ಯಾನ್ಸರ್ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ರೋಗ ಗೊತ್ತಾದ ಮೇಲೆ, ಇತರ ಪರೀಕ್ಷೆಗಳ ಜೊತೆಯಲ್ಲಿಟ್ಟು ಓದಬೇಕಾದ ಒಂದು ಸೂಚನೆ ಅದು. ಕೇವಲ ಒಂದು ಕಿಣ್ವದ ಅಂಕಿಯನ್ನು ನಂಬಿ ಈ ರೋಗದ ಚಿಕಿತ್ಸೆಯನ್ನು ನಿರ್ಧರಿಸುವ ಪದ್ಧತಿ ಇನ್ನೂ ಬಂದಿಲ್ಲ.

ಇನ್ನೊಂದು ಕಿಣ್ವದ ಕಥೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಗಡ್ಡೆಯ ಒಳಭಾಗಕ್ಕೆ ಆಮ್ಲಜನಕ ಸಾಲದಾದಾಗ ಅಲ್ಲಿಯ ಕೋಶಗಳು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ಒಂಬತ್ತನೆಯ ಬಗೆಯನ್ನು ಹೆಚ್ಚಾಗಿ ಹುಟ್ಟಿಸುತ್ತವೆ. ಗಡ್ಡೆಯ ಚೂರಿನಲ್ಲಿ ಅದು ಕಂಡರೆ ಆ ಜಾಗ ಉಸಿರುಗಟ್ಟಿದೆ ಎಂದು ತಿಳಿಯಬೇಕು. ಉಸಿರುಗಟ್ಟಿದ ಗಡ್ಡೆಯ ಮೇಲೆ ಕಿರಣ ಚಿಕಿತ್ಸೆಯ ಪರಿಣಾಮ ಕಡಿಮೆ, ಏಕೆಂದರೆ ಕಿರಣಗಳು ಮಾಡಿದ ಗಾಯವನ್ನು ಕಾಯಂ ಮಾಡಲು ಆಮ್ಲಜನಕ ಬೇಕು. ಆ ಆಮ್ಲಜನಕವನ್ನು ಹೊತ್ತು ತರುವುದು ರಕ್ತದ ಹಿಮೋಗ್ಲೋಬಿನ್. ರಕ್ತಹೀನತೆಯುಳ್ಳ ರೋಗಿಗಳಲ್ಲಿ ಚಿಕಿತ್ಸೆಯ ಫಲ ಕಡಿಮೆ ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಸ್ತ್ರೀಯರಲ್ಲಿ ಸುಮಾರು 48 ಮಂದಿ ರಕ್ತಹೀನರು. ದುಬಾರಿ ಪರೀಕ್ಷೆ ಹೇಳುವ ಮಾತಿನ ಒಂದು ಪಾಲನ್ನು ಅಗ್ಗದ ಹಿಮೋಗ್ಲೋಬಿನ್ ಪರೀಕ್ಷೆಯೂ ಹೇಳುತ್ತದೆ. ಎಲ್ಲರೂ ಉಂಡ ಮೇಲೆ ಉಳಿದ ರೊಟ್ಟಿಯನ್ನು ಉಣ್ಣುವ ಅವ್ವನ ಮುಖವೂ ಹೇಳುತ್ತದೆ.

ಹಾಗಾದರೆ ಈ ರೋಗದಲ್ಲಿ ಭವಿಷ್ಯವನ್ನು ಎಲ್ಲಕ್ಕಿಂತ ಖಚಿತವಾಗಿ ಹೇಳುವುದು ಯಾವುದು? ರೋಗಿ ದವಾಖಾನೆಯ ಮೆಟ್ಟಿಲು ಹತ್ತಿದಾಗ ರೋಗ ಯಾವ ಹಂತದಲ್ಲಿತ್ತು ಎಂಬುದು. ರೋಗ ಕೊರಳಿನಲ್ಲಿಯೇ ಸಣ್ಣದಾಗಿ ಇದ್ದಾಗ ಬಂದವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಸೊಂಟದ ಗೋಡೆಯವರೆಗೆ ಹಬ್ಬಿದ ಮೂರನೆಯ ಹಂತದಲ್ಲಿ? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಇಂಥ 850 ಸ್ತ್ರೀಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿರಣ ಚಿಕಿತ್ಸೆಯೊಂದನ್ನೇ ಪಡೆದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 46. ಕಿರಣದ ಜೊತೆಗೆ ಸಿಸ್‌ಪ್ಲಾಟಿನ್ ಔಷಧವನ್ನೂ ಪಡೆದವರಲ್ಲಿ 54. ನಾಲ್ಕನೆಯ ಹಂತದಲ್ಲಿಯಾದರೆ ನೂರಕ್ಕೆ ಇಪ್ಪತ್ತು ಮಂದಿ ಉಳಿಯುವುದೂ ಕಷ್ಟ. ದೇಶದ ಉತ್ತಮ ಆಸ್ಪತ್ರೆಯಲ್ಲಿ ಉತ್ತಮ ಔಷಧ ಕೊಟ್ಟು ಗಳಿಸಿದ್ದು ನೂರಕ್ಕೆ ಎಂಟು ಜೀವ. ಮೊದಲೇ ಬಂದಿದ್ದರೆ ಅದಕ್ಕಿಂತ ಎಷ್ಟೋ ಪಟ್ಟು ಉಳಿಯುತ್ತಿದ್ದವು.

ಮೊದಲೇ ಏಕೆ ಬರುವುದಿಲ್ಲ? ಈ ರೋಗ ಸಿಡಿಲಿನಂತೆ ಎರಗುವ ರೋಗವಲ್ಲ. ಎಚ್.ಪಿ.ವಿ. ಎಂಬ ವೈರಾಣುವಿನ ಕೆಲವು ಬಗೆಗಳು ಗರ್ಭಕೋಶದ ಕೊರಳಿನಲ್ಲಿ ವರ್ಷಗಟ್ಟಲೆ ಬೀಡುಬಿಟ್ಟು, ಸಾಮಾನ್ಯವಾಗಿ ಹತ್ತು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದನ್ನು ಕ್ಯಾನ್ಸರ್ ಆಗಿಸುತ್ತವೆ. ಈ ಸಂಬಂಧವನ್ನು ಕಂಡುಹಿಡಿದ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹತ್ತು ವರ್ಷದ ನೋಟೀಸು ಕೊಟ್ಟು ಬರುವ ಶತ್ರುವಿದು. ಆದರೂ ನಮ್ಮ ದೇಶದ ಹೆಚ್ಚಿನ ರೋಗಿಗಳು ರೋಗ ಕೊರಳನ್ನು ದಾಟಿ ಹಬ್ಬಿದ ಮೇಲೆಯೇ ಬರುತ್ತಾರೆ.

ಕಾರಣಗಳನ್ನು ನಾವೆಲ್ಲ ಬಲ್ಲೆವು. ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಕಂಡರೆ ‘ಉಷ್ಣ’ ಎನ್ನುತ್ತೇವೆ. ವಾಸನೆಯ ಬಿಳಿ ಸೆರಗು ಹೋದರೆ ಹೆಣ್ಣು ಜನ್ಮಕ್ಕೆ ಅಂಟಿದ್ದು ಎನ್ನುತ್ತೇವೆ. ಗಂಡ ಹೆಂಡಿರ ಕೂಟದ ಮೇಲೆ ರಕ್ತ ಬಂದರೆ ಆಕೆ ಯಾರ ಮುಂದೆಯೂ ಹೇಳುವುದೇ ಇಲ್ಲ. ಈ ಮೂರೂ ಚಿಹ್ನೆಗಳು ತಕ್ಷಣ ವೈದ್ಯರ ಮುಂದೆ ಹೇಳಬೇಕಾದವು. ವೈರಾಣು ದೇಹಸಂಬಂಧದಿಂದ ಹರಡುತ್ತದೆ ಎಂದು ಕೇಳಿದೊಡನೆ ಹೆಂಡತಿಯ ನಡತೆಯನ್ನು ಶಂಕಿಸುವ ಗಂಡಂದಿರೂ ಇದ್ದಾರೆ. ಅವರಿಗೆ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಸಂಸಾರ ಮಾಡಿದ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ಇದು ತಗುಲುವುದು ಸಾಮಾನ್ಯ, ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನೇ ಹೋಗುತ್ತದೆ. ಇದು ನಡತೆಯ ಸರ್ಟಿಫಿಕೇಟಲ್ಲ. ಗಂಡಸು ಹೊತ್ತು ತಂದು ಹೆಂಗಸು ಅನುಭವಿಸುವ ರೋಗವೂ ಹೌದು ಎಂಬುದನ್ನು ಆತ ನೆನಪಿಡಲಿ.

ನಾಚಿಕೆಯ ಹಿಂದೆ ಪಗಾರದ ಲೆಕ್ಕವಿದೆ. ದಿನಗೂಲಿಯ ಹೆಂಗಸು ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿ ಹೋಯಿತು. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಆಕೆ ಎದ್ದು ಹೋದರೆ ಮಗ್ಗವೂ ನಿಂತಿತು. ಗಂಡ ಪೇಟೆಗೆ ಹೋದಾಗ ಅಂಗಡಿಯ ಗಲ್ಲೆಯ ಮೇಲೆ ಕೂಡುವವಳು ದವಾಖಾನೆಗೆ ಹೋದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದ. ಹೀಗೆ ಒಂದೊಂದು ದಿನವನ್ನು ಉಳಿಸಲು ಹೋಗಿ ಆಯುಷ್ಯವನ್ನೇ ಉದ್ರಿ ಬರೆದಂತಾಗುತ್ತದೆ. ಈ ಉದ್ರಿಯನ್ನು ವಸೂಲು ಮಾಡಲು ಬರುವ ಸಾಹುಕಾರ ಬಲು ಕ್ರೂರಿ.

ಮೊದಲೇ ಹುಡುಕಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ದೂರದ ದೇಶದಿಂದ ಬರಬೇಕಾಗಿಲ್ಲ. ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ, ಈಗಿನ ಧಾರಾಶಿವ ಜಿಲ್ಲೆ, ನಮ್ಮ ಸವದತ್ತಿ ರಾಮದುರ್ಗಗಳಂತೆಯೇ ಜೋಳ ಬೆಳೆಯುವ ಒಣನೆಲ. ಅಲ್ಲಿಯ ಹಳ್ಳಿಗಳ 30ರಿಂದ 59 ವಯಸ್ಸಿನ 1,31,000ಕ್ಕೂ ಹೆಚ್ಚು ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪಿಗೆ ಬೇರೆ ಬೇರೆ ಪರೀಕ್ಷೆ ಮಾಡಲಾಯಿತು. ನಾಲ್ಕನೆಯ ಗುಂಪಿಗೆ ಯಾವ ಪರೀಕ್ಷೆಯನ್ನೂ ಒಯ್ಯಲಿಲ್ಲ. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ, ಮುಂಬಯಿಯ ಟಾಟಾ ಸಂಸ್ಥೆ ಮತ್ತು ಫ್ರಾನ್ಸಿನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಮಾಡಿದ ಈ ಕೆಲಸದ ಫಲ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟ ಸುಮಾರು 34,000 ಸ್ತ್ರೀಯರಲ್ಲಿ ಈ ರೋಗದಿಂದ ಸತ್ತವರು 34. ಪರೀಕ್ಷೆಯಿಲ್ಲದ ಸುಮಾರು 31,500 ಸ್ತ್ರೀಯರಲ್ಲಿ ಸತ್ತವರು 64. ಸಾವು ಅರ್ಧಕ್ಕೆ ಇಳಿಯಿತು.

ಈ 64ರ ಅಂಕಿಯ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಪರೀಕ್ಷೆಯಿಲ್ಲದ ಗುಂಪನ್ನು ಇಟ್ಟದ್ದು ನ್ಯಾಯವೇ ಎಂಬ ವಾದ ಜಗತ್ತಿನ ವೈದ್ಯರಲ್ಲಿಯೇ ನಡೆದಿದೆ. ನಮ್ಮ ಪ್ರಶ್ನೆ ಇನ್ನೂ ಸರಳ. ಬಡ ಹಳ್ಳಿಯ ಹೆಂಗಸರ ಮೈಯಿಂದ ಇಡೀ ಜಗತ್ತು ಒಂದು ಪಾಠ ಕಲಿಯಿತು. ಆ ಪಾಠ ಬಡ ಹಳ್ಳಿಗೆ ಮರಳಿ ಬಂತೇ? ಮೇಲೆ ಹೇಳಿದ ಸಮೀಕ್ಷೆಯಂತೆ 30ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 1.9. ಇಬ್ಬರೂ ಪೂರ್ತಿ ಇಲ್ಲ!

ಇದು ಹಳೆಯ ಸಾಲ. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಅಮೆರಿಕದ ಕಪ್ಪು ಜನಾಂಗದ ಬಡ ಹೆಣ್ಣುಮಗಳು ತಂಬಾಕಿನ ಹೊಲದಲ್ಲಿ ದುಡಿದು ಬೆಳೆದವಳು. 1951ರಲ್ಲಿ ಇದೇ ರೋಗದಿಂದ ಸತ್ತಳು. ಆಕೆಯನ್ನು ಕೇಳದೆ ಗಡ್ಡೆಯಿಂದ ತೆಗೆದ ಕೋಶಗಳು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಈ ರೋಗದ ಎರಡು ಮುಖ್ಯ ವೈರಾಣುಗಳಲ್ಲಿ ಒಂದರ ಗುರುತು ಆಕೆಯ ಕೋಶಗಳಲ್ಲಿಯೂ ಸಿಕ್ಕಿತು. ಆ ಕೋಶಗಳಿಂದ ಕಂಪನಿಗಳು ಹಣ ಮಾಡಿದವು. ಆಕೆಯ ಮಕ್ಕಳಿಗೆ ಈ ಸುದ್ದಿ ತಿಳಿದದ್ದೇ ಇಪ್ಪತ್ತು ವರ್ಷಗಳ ಮೇಲೆ. ಜ್ಞಾನದ ಬಂಡವಾಳ ಬಡವರದು, ಲಾಭ ಇನ್ನೊಬ್ಬರದು ಎಂಬ ರೂಢಿ ಎಲ್ಲಿಯವರೆಗೆ ನಡೆಯಬೇಕು?

ಪರೀಕ್ಷೆ ದೊಡ್ಡ ಖರ್ಚಿನದೇ ಎಂದರೆ ಅದೂ ಇಲ್ಲ. ಅಸೆಟಿಕ್ ಆಮ್ಲ, ಅಂದರೆ ವಿನಿಗರಿನ ಸತ್ವವನ್ನು ತೆಳುವಾಗಿ ಮಾಡಿ ಕೊರಳಿಗೆ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಭಾಗ ಬೆಳ್ಳಗಾಗಿ ಕಾಣುತ್ತದೆ. ತರಬೇತಿ ಪಡೆದ ನರ್ಸಬಾಯಿ ಇದನ್ನು ಮಾಡಬಲ್ಲಳು. ಮುಂಬಯಿಯ ಕೊಳಚೆ ವಸತಿಗಳಲ್ಲಿ ಹೀಗೆ ಪರೀಕ್ಷೆ ಮಾಡಿ ಈ ರೋಗದ ಸಾವನ್ನು ನೂರಕ್ಕೆ 31ರಷ್ಟು ಇಳಿಸಿದ್ದನ್ನು ಟಾಟಾ ಸಂಸ್ಥೆ 2014ರಲ್ಲಿ ಪ್ರಕಟಿಸಿತು. ಎಚ್.ಪಿ.ವಿ. ಪರೀಕ್ಷೆ ಇದಕ್ಕಿಂತ ಖಚಿತ. ಅದಕ್ಕೆ ಬೇಕಾದ ಸ್ರಾವವನ್ನು ಹೆಂಗಸು ತಾನೇ ಮರೆಯಲ್ಲಿ ತೆಗೆದುಕೊಡಬಹುದು, ಆದುದರಿಂದ ನಾಚಿಕೆಗೂ ಅವಕಾಶವಿಲ್ಲ. 30ರಿಂದ 65 ವಯಸ್ಸಿನ ಎಲ್ಲ ಸ್ತ್ರೀಯರನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರದ ಆರೋಗ್ಯ ಖಾತೆ 2016ರಲ್ಲಿಯೇ ಕ್ರಮ ಗೊತ್ತುಮಾಡಿದೆ. ಅಂದಮೇಲೆ ನಾವು ಹೊಸದೇನನ್ನೂ ಬೇಡುತ್ತಿಲ್ಲ. ಸರಕಾರ ತಾನೇ ಬರೆದುದನ್ನು ಪಾಲಿಸಲಿ ಎನ್ನುತ್ತಿದ್ದೇವೆ.

ಚುಚ್ಚುಮದ್ದಿನ ಬಗೆಗೂ ಎರಡು ಮಾತು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಪೇಟೆಗೆ ಬಂದಾಗ ಒಂದು ಡೋಸಿಗೆ 2,000 ರೂಪಾಯಿ ಬೆಲೆ ಕಟ್ಟಲಾಗಿತ್ತು. ಕೂಲಿಯವನ ಮಗಳಿಗೆ ಅದು ಎಟಕುವ ಬೆಲೆಯೇ? ಈ ಮದ್ದು ಎಲ್ಲ ಶಾಲೆಗಳಲ್ಲಿ ಪುಕ್ಕಟೆಯಾಗಿ ಸಿಗಬೇಕು. ಸಿಕ್ಕಾಗ ಅನುಮಾನಪಡದೆ ಹೆಣ್ಣುಮಕ್ಕಳಿಗೆ ಕೊಡಿಸಬೇಕು. ಆದರೆ ಮದ್ದು ಮಗಳಿಗಾಯಿತು. ತಾಯಿಗೆ ಪರೀಕ್ಷೆಯೇ ಗತಿ. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸಬಾರದು.

ಸರಕಾರ ಬಿಟ್ಟುಹೋದ ಜಾಗದಲ್ಲಿ ಸುಳ್ಳು ಭವಿಷ್ಯ ಹೇಳುವವರು ಅಂಗಡಿ ಹೂಡುತ್ತಾರೆ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಜಿಲ್ಲೆಯ ಗ್ಯಾಂಗುಗಳು ನಮ್ಮ ಕಡೆಯ ಹೊಲಗಳಿಗೂ ಬರುತ್ತವೆ. ಆ ಜಿಲ್ಲೆಯಲ್ಲಿ 2019ರಲ್ಲಿ ನಡೆದ ವಿಚಾರಣೆಯಲ್ಲಿ, ಕೇಳಲಾದ ಸುಮಾರು 82,000 ಕಬ್ಬು ಕಡಿಯುವ ಸ್ತ್ರೀಯರಲ್ಲಿ 13,000ಕ್ಕೂ ಹೆಚ್ಚು ಮಂದಿಯ ಗರ್ಭಕೋಶವನ್ನೇ ತೆಗೆಯಲಾಗಿತ್ತು ಎಂದು ಹೊರಬಿತ್ತು. ಸಣ್ಣಪುಟ್ಟ ತೊಂದರೆಗೆ ಹೋದವರನ್ನು ‘ಕ್ಯಾನ್ಸರ್ ಆದೀತು’ ಎಂದು ಹೆದರಿಸಿದ ಉದಾಹರಣೆಗಳು ಬೆಳಕಿಗೆ ಬಂದವು. ಮುಟ್ಟಿನ ದಿನದ ಕೂಲಿ ತಪ್ಪುತ್ತದೆಂದು ತಾವೇ ಒಪ್ಪಿಕೊಂಡವರೂ ಇದ್ದರು. ಅಗ್ಗದ ಪರೀಕ್ಷೆ ಹತ್ತಿರದಲ್ಲಿ ಇದ್ದಿದ್ದರೆ ಆ ಹೆದರಿಕೆಯ ವ್ಯಾಪಾರ ಅಷ್ಟು ಬೆಳೆಯುತ್ತಿರಲಿಲ್ಲ. ನಾಳೆ ಕಿಣ್ವದ ಚೀಟಿಯನ್ನು ಹಿಡಿದು ಇಂಥದೇ ವ್ಯಾಪಾರ ಶುರುವಾಗಲಾರದೆಂದು ಹೇಳುವವರಾರು? ಆರೋಗ್ಯವಂತರಿಗೆ ಎಲ್.ಡಿ.ಎಚ್. ಪರೀಕ್ಷೆ ಮಾಡಿ ಕ್ಯಾನ್ಸರ್ ಇದೆ ಎನ್ನುವವರನ್ನು ನಂಬಬೇಡಿರಿ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಈ ರೋಗ ಖಚಿತವಾಗುವುದಿಲ್ಲ.

ರೋಗ ಖಚಿತವಾದ ಮೇಲೆ ಬರುವುದು ಎರಡನೆಯ ದೊಡ್ಡ ಪ್ರಶ್ನೆ: ಚಿಕಿತ್ಸೆ ಪೂರ್ತಿಯಾಯಿತೇ? ಕಿರಣ ಚಿಕಿತ್ಸೆ ಹಪ್ತೆಗೆ ಐದು ದಿನದಂತೆ ಸುಮಾರು ಐದು ಹಪ್ತೆ. ಆಮೇಲೆ ಒಳಗಿನಿಂದ ಕೊಡುವ ಕಿರಣ. ಎಲ್ಲವೂ ಎಂಟು ಹಪ್ತೆಯೊಳಗೆ ಮುಗಿಯಬೇಕು. ತಡವಾದಷ್ಟು ಗುಣ ಕಡಿಮೆ. ಕಿತ್ತೂರಿನವಳಿಗೆ ಬೆಳಗಾವಿ ಸುಮಾರು ಐವತ್ತು ಕಿಲೋಮೀಟರ್. ರಾಮದುರ್ಗದವಳಿಗೆ ನೂರರ ಹತ್ತಿರ. ಇಲ್ಲವೆ ಹುಬ್ಬಳ್ಳಿ, ಇಲ್ಲವೆ ಬೆಂಗಳೂರಿನ ಕಿದ್ವಾಯಿ. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿಲ್ಲ, ಸರಿ. ಜೊತೆಗೆ ಹೋಗುವ ಗಂಡನಿಗೋ ಮಗನಿಗೋ ಟಿಕೀಟು ಉಂಟು, ಎರಡು ತಿಂಗಳು ತಂಗಲು ಜಾಗವಿಲ್ಲ, ಇಬ್ಬರ ದುಡಿಮೆಯೂ ನಿಂತಿತು. ಮೂರನೆಯ ಹಪ್ತೆಗೆ ‘ಸ್ವಲ್ಪ ಹಗುರಾಗಿದೆ’ ಎಂದು ಊರಿಗೆ ಮರಳಿದವಳು ಮತ್ತೆ ಹೋಗುವುದಿಲ್ಲ. ಆಕೆಯ ರಕ್ತದಲ್ಲಿ ಯಾವ ಕಿಣ್ವ ಎಷ್ಟಿತ್ತು ಎಂಬುದರ ಮಹತ್ವ ಅಲ್ಲಿಗೆ ಮುಗಿಯಿತು.

ಇರುವ ಸೌಲಭ್ಯಗಳನ್ನಾದರೂ ಬಳಸಿಕೊಳ್ಳಬೇಕು. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಇ.ಎಸ್.ಐ. ಇರುವ ಕಾರ್ಮಿಕರ ಕುಟುಂಬಕ್ಕೆ ಚಿಕಿತ್ಸೆಯ ಹಕ್ಕು ಇದೆ; ವಿಮೆಯಿರುವ ಕಾರ್ಮಿಕಳಿಗೇ ಕ್ಯಾನ್ಸರ್ ಆದರೆ, ಷರತ್ತುಗಳಿಗೆ ಒಳಪಟ್ಟು, ಎರಡು ವರ್ಷದವರೆಗೆ ಪಗಾರದ ನೂರಕ್ಕೆ 80ರಷ್ಟು ಸಿಗುತ್ತದೆ. ಈ ಮಾತು ಎಷ್ಟು ಕಾರಖಾನೆಗಳ ಬೋರ್ಡಿನ ಮೇಲೆ ಬರೆದಿದೆ? ಇನ್ನು ಸಣ್ಣ ವ್ಯಾಪಾರಿಯ ಗತಿ ಬೇರೆಯೇ. ಎ.ಪಿ.ಎಲ್. ಕಾರ್ಡಿನವನಿಗೆ ಆ ಯೋಜನೆ ಕೊಡುವುದು ದರಪಟ್ಟಿಯ ನೂರಕ್ಕೆ 30 ಮಾತ್ರ. ಅಂಗಡಿಯೊಂದಿದೆ ಎಂಬ ಒಂದೇ ಕಾರಣಕ್ಕೆ ಆತ ಶ್ರೀಮಂತನೆಂದು ಲೆಕ್ಕ. ಹೆಂಡತಿಯ ಚಿಕಿತ್ಸೆ ಮುಗಿಯುವ ಹೊತ್ತಿಗೆ ಆ ಅಂಗಡಿಯೇ ಇರುವುದಿಲ್ಲ. ಗಿರಣಿಯವನೂ ಅಂಗಡಿಯವನೂ ಈ ವಿಷಯದಲ್ಲಿ ಒಂದೇ ದೋಣಿಯಲ್ಲಿದ್ದಾರೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಈ ನಾಲ್ಕೂ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಹಪ್ತೆಗೊಂದು ಗೊತ್ತಾದ ದಿನ, ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಗರ್ಭಕೋಶದ ಕೊರಳಿನ ಪರೀಕ್ಷೆ ನಡೆಯಬೇಕು. ದೋಷ ಕಂಡರೆ ಅಲ್ಲಿಯೇ ಸುಟ್ಟು ತೆಗೆಯುವ ಸಾಧನ ಇರಬೇಕು. ಎರಡು, ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಸ್ತ್ರೀಯರು ಬರುತ್ತಾರೆ. ಅಲ್ಲಿ ತಾವೇ ಸ್ರಾವ ತೆಗೆದುಕೊಡುವ ಪರೀಕ್ಷೆಗೆ ಮರೆಯ ಜಾಗ ಏರ್ಪಡಿಸಬೇಕು. ಮೂರು, ಐದು ವರ್ಷಕ್ಕೊಮ್ಮೆ ಪರೀಕ್ಷೆಗಾಗಿ ಪ್ರತಿಯೊಬ್ಬ ಕಾರ್ಮಿಕಳಿಗೂ ಪಗಾರಸಹಿತ ಒಂದು ದಿನ ಸೂಟಿ. ಐದು ವರ್ಷಕ್ಕೆ ಒಂದು ದಿನ! ಯಾವ ಮಾಲಕನೂ ಇದರಿಂದ ದಿವಾಳಿಯಾಗಲಾರ. ನಾಲ್ಕು, ಕಿರಣ ಚಿಕಿತ್ಸೆಯ ಎಂಟು ಹಪ್ತೆ ರೋಗಿಗೂ ಜೊತೆಗಾರರಿಗೂ ತಂಗುವ ಜಾಗ ಮತ್ತು ಊಟ. ಐದು, ತಾಲೂಕಿನಲ್ಲಿ ಎಷ್ಟು ಮಂದಿಯ ಪರೀಕ್ಷೆಯಾಯಿತು, ಎಷ್ಟು ಮಂದಿಯಲ್ಲಿ ದೋಷ ಕಂಡಿತು, ಎಷ್ಟು ಮಂದಿ ಚಿಕಿತ್ಸೆ ಪೂರೈಸಿದರು ಎಂಬ ಲೆಕ್ಕ ವರ್ಷಕ್ಕೊಮ್ಮೆ ಜನರ ಮುಂದೆ ಬರಬೇಕು.

‘ಪರೀಕ್ಷೆ ಇಟ್ಟರೂ ಹೆಂಗಸರು ಬರುವುದಿಲ್ಲ’ ಎಂಬುದು ಅಧಿಕಾರಿಗಳ ಹಳೆಯ ಉತ್ತರ. ಉಸ್ಮಾನಾಬಾದದ ಹಳ್ಳಿಗಳಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದವರು ಯಾರು? ಅಲ್ಲಿ ಮನೆಮನೆಗೆ ಹೋಗಿ ತಿಳಿಸಿ ಕರೆದರು, ಮರ್ಯಾದೆಯಿಂದ ನಡೆಸಿಕೊಂಡರು, ಬಂದರು.

ಕೆಲವು ಕೆಲಸಗಳಿಗೆ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ. ಕಾರ್ಮಿಕ ಸಂಘಗಳು ತಮ್ಮ ಮುಂದಿನ ಬೇಡಿಕೆ ಪತ್ರದಲ್ಲಿ ಆ ಒಂದು ದಿನದ ಸೂಟಿಯನ್ನು ಸೇರಿಸಲಿ. ವ್ಯಾಪಾರಸ್ಥರ ಸಂಘಗಳು ಚಿಕಿತ್ಸೆಗೆ ಹೋಗುವವರ ಬಸ್ಸು ಊಟಕ್ಕೆಂದು ಸಣ್ಣ ನಿಧಿಯೊಂದನ್ನು ತೆಗೆದಿಡಲಿ. ನೇಕಾರರ ಸಹಕಾರಿ ಸಂಘಗಳು ತಮ್ಮ ಸಭೆಗೆ ಒಬ್ಬ ವೈದ್ಯೆಯನ್ನು ಕರೆಸಲಿ. ಮತ್ತು ಪ್ರತಿಯೊಬ್ಬ ಗಂಡಸು ಇಂದು ರಾತ್ರಿ ಮನೆಯಲ್ಲಿ ಮೂವತ್ತು ದಾಟಿದ ಹೆಂಡತಿಯನ್ನು, ಅಕ್ಕನನ್ನು, ಅವ್ವನನ್ನು ‘ಪರೀಕ್ಷೆ ಮಾಡಿಸಿಕೊಂಡಿರಾ?’ ಎಂದು ಕೇಳಲಿ. ಕೇಳಲು ಸಂಕೋಚವಾದರೆ ಈ ಪತ್ರಿಕೆಯನ್ನು ಓದಿ ಹೇಳಲಿ.

ಪ್ರಯೋಗಶಾಲೆಗಳು ಕಿಣ್ವಗಳನ್ನು ಅಳೆಯುತ್ತಿರಲಿ. ಆ ಅಳತೆ ಇನ್ನಷ್ಟು ನಿಖರವಾಗಲಿ. ರೋಗ ತಗುಲಿದವಳಿಗೆ ಯಾವ ಚಿಕಿತ್ಸೆ ಹೆಚ್ಚು ಬೇಕು, ಯಾರನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಕು ಎಂದು ಅವು ಒಂದು ದಿನ ನಮ್ಮ ವೈದ್ಯರಿಗೆ ಹೇಳಿಕೊಟ್ಟಾವು. ಅಲ್ಲಿಯವರೆಗೆ ಕಾಯುತ್ತ ಕೂಡಲು ಕಾರಣವಿಲ್ಲ. ಬೈಲಹೊಂಗಲದ ಆಸ್ಪತ್ರೆಯಲ್ಲಿ ಒಂದು ಮೇಜು, ಒಂದು ದೀಪ, ಒಂದು ಪರದೆ, ಒಬ್ಬ ನರ್ಸಬಾಯಿ, ಒಂದು ಬಾಟಲಿ ಔಷಧ ಇಷ್ಟಿದ್ದರೆ ಸಂತೆಗೆ ಬಂದ ಹೆಂಗಸು ಪರೀಕ್ಷೆ ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಮರಳಬಲ್ಲಳು. ಇಷ್ಟನ್ನು ಪಡೆಯುವ ಶಕ್ತಿ ನಮ್ಮ ಸಂಘಟನೆಗೆ ಇದೆ. ಈ ತಿಂಗಳೇ ತಾಲೂಕಾ ಆರೋಗ್ಯ ಅಧಿಕಾರಿಗಳಿಗೆ ಮನವಿ ಕೊಟ್ಟು, ಪರೀಕ್ಷೆಯ ದಿನ ಯಾವುದೆಂದು ಬರೆಸಿಕೊಂಡು ಬರೋಣ.